ಹತ್ತೊಂಬತ್ತು ಜನರ ಪಕ್ಷ

ಆ ವಸಂತದಲ್ಲಿ ನಮ್ಮ ದೊಬ್ರಿನಾ ಚಿಕ್ಕಮ್ಮನ ತಲೆನೋವು ಒಂದೇ: ಊರಿನಲ್ಲಿ ಯಾರೂ ಸಾಯುತ್ತಿರಲಿಲ್ಲ.

ಬಲ್ಗೇರಿಯವನ್ನು ಆಳುತ್ತಿದ್ದದ್ದು ಕಮ್ಯುನಿಸ್ಟರು. ಅವರ ಪಕ್ಕದಲ್ಲಿ ಕೂತು ಕೈ ಎತ್ತಲು ರೈತರ ಪಕ್ಷವೊಂದಿತ್ತು. ಎತ್ತುವ ಕೈಗಳು ಎಷ್ಟಿರಬೇಕೆಂದೂ ಮೇಲಿನವರೇ ಗೊತ್ತುಮಾಡಿದ್ದರು. ನಮ್ಮೂರಿಗೆ ಹತ್ತೊಂಬತ್ತು. ಒಬ್ಬರು ಹೋದರೆ ಒಬ್ಬರು ಒಳಗೆ.

ಚಿಕ್ಕಮ್ಮ ಆ ಪಕ್ಷದ ನಮ್ಮೂರ ಶಾಖೆಯ ಕಾರ್ಯದರ್ಶಿ, ಇಪ್ಪತ್ತಾರು ವರ್ಷ ಸಾಮೂಹಿಕ ಕೊಟ್ಟಿಗೆಯಲ್ಲಿ ಹಾಲು ಕರೆದವಳು. ಅಲ್ಲಿನ ಮೇಲ್ವಿಚಾರಕನ ಹುದ್ದೆ ರೈತರ ಪಕ್ಷದ ಪಾಲಿಗಿತ್ತು. ಹಿಂದಿನವನು ಬೀಟ್‌ರೂಟ್ ಬಲ್ಲವನು. ಅವನ ಕಾಲದಲ್ಲಿ ಒಂದೇ ಚಳಿಗಾಲಕ್ಕೆ ಒಂಬತ್ತು ಕರುಗಳು ಸತ್ತವು. ಈಗ ಹುದ್ದೆ ಖಾಲಿ. ಪಶುಪಾಲನೆ ಓದಿ ಬಂದ ವಿಯೊಲೆಟಾ ಇದ್ದಳು, ಆದರೆ ಸದಸ್ಯೆಯಲ್ಲ. ಸದಸ್ಯರಲ್ಲಿ ಓದಿದವರೆಲ್ಲ ಮುದುಕರು; ಚಿಕ್ಕಮ್ಮನದು ನಾಲ್ಕನೇ ಕ್ಲಾಸು.

ಚಿಕ್ಕಮ್ಮ ಪಕ್ಷದ ಜಿಲ್ಲಾ ಕಚೇರಿಗೆ ಫೋನ್ ಮಾಡಿದಳು.

"ಒಂದೇ ಒಂದು ಜಾಗ ಜಾಸ್ತಿ ಕೊಡಿ, ಕಾಮ್ರೇಡ್."

"ಯಾರು ತೀರ್ಕೊಂಡ್ರು?"

"ಯಾರೂ ಇಲ್ಲ."

"ಮತ್ಯಾಕೆ ಫೋನು? ಶುಕ್ರವಾರದೊಳಗೆ ನಿಮ್ಮವರು ಸಿಗದಿದ್ರೆ ಪಕ್ಕದೂರಿಂದ ಕಳಿಸ್ತೀವಿ. ಒಬ್ಬ ಇದಾನೆ, ದ್ರಾಕ್ಷಿ ಚೆನ್ನಾಗಿ ಗೊತ್ತು."

ಅವಳು ನೇರ ಮಾತೆಯ್ ಅಜ್ಜನ ಮನೆಗೆ ನಡೆದಳು. ಸದಸ್ಯರಲ್ಲೆಲ್ಲ ಹಿರಿಯನಾದ ಅಜ್ಜನಿಗೆ ತೊಂಬತ್ತೊಂದು.

"ಅಜ್ಜಾ, ಆ ಪಕ್ಷದ ಕಾರ್ಡು ಬಿಟ್ಕೊಡು. ಸಭೇಲಿ ನಿದ್ದೆ ತಾನೆ ಮಾಡ್ತೀಯ?"

"ಕೈ ಎತ್ಕೊಂಡೇ ಮಲಗ್ತೀನಲ್ಲೇ! ಇನ್ನೇನು ಬೇಕು ನಿಂಗೆ? ಕಾರ್ಡಿದ್ರೆ ಸತ್ತಾಗ ಹೆಣದ ಪೆಟ್ಟಿಗೆ ಮೇಲೆ ಪಕ್ಷದ ಕಿತ್ತಳೆ ಬಾವುಟ, ಹಿಂದೆ ವಾದ್ಯ. ಇಲ್ದಿದ್ರೆ ಬರೀ ಮಣ್ಣು."

"ಹಾಗಾದ್ರೆ ಬೇಗ ಹೋಗು ಮಾರಾಯ!"

ಆಡಿದ ಮಾತಿಗೆ ಅವಳಿಗೇ ನಾಚಿಕೆಯಾಯಿತು. ಮರುದಿನ ಒಂದು ಪಾತ್ರೆ ಹುರುಳಿಸಾರು ಕಳಿಸಿದಳು. ಅದನ್ನು ಕುಡಿದು ಅಜ್ಜ ಇನ್ನಷ್ಟು ಗಟ್ಟಿಯಾದ.

ಗುರುವಾರ ಬೆಳಿಗ್ಗೆ ಅವಳು ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಸಾಲು ಬರೆದಳು, ಸಹಿ ಹಾಕಿದಳು. ಅದು ಪಕ್ಷಕ್ಕೆ ಅವಳದೇ ರಾಜೀನಾಮೆ. ಪೆನ್ನಿನ ಮುಚ್ಚಳ ಹಾಕಲು ಮರೆತಿದ್ದಳು, ಬೆರಳೆಲ್ಲ ಶಾಯಿ.

ಸುದ್ದಿ ಕೇಳಿ ಅಜ್ಜ ಕೋಲೂರಿಕೊಂಡು ಬಂದ. "ಹುಚ್ಚೀ, ನಿನ್ನ ಪೆಟ್ಟಿಗೆ ಮೇಲೆ ಏನೇ ಹಾಕೋದು?"

"ಕೊಟ್ಟಿಗೆ ಗೋಣಿ ಹಾಕ್ರಿ. ಈಗ ದಾರಿ ಬಿಡು, ಕಾಗದ ಜಿಲ್ಲಾ ಕಚೇರಿಗೆ ಕೊಡ್ಬೇಕು, ಬಸ್ಸು ಬಂತು."

ಶುಕ್ರವಾರ ಸಭೆ ವಿಯೊಲೆಟಾಳನ್ನು ಸೇರಿಸಿಕೊಂಡು, ಕೊಟ್ಟಿಗೆಯ ಹುದ್ದೆಗೆ ಹೆಸರಿಸಿ, ಕಾರ್ಯದರ್ಶಿಯ ಕುರ್ಚಿಯಲ್ಲೂ ಅವಳನ್ನೇ ಕೂರಿಸಿತು. ಈಗ ಸದಸ್ಯೆಯಲ್ಲದ ಚಿಕ್ಕಮ್ಮ ಹೊರಗೆ ಕಿಟಕಿಯ ಕೆಳಗಿನ ಬೆಂಚಿನಲ್ಲಿ ನನ್ನ ಜೊತೆ ಕೂತಿದ್ದಳು. ಬಾಯಿ ಮಾತ್ರ ರಾಜೀನಾಮೆ ಕೊಟ್ಟಿರಲಿಲ್ಲ.

"ಅದಲ್ಲಮ್ಮ, ಎರಡನೇದು ಮೊದಲು ಓದು! ಹಾಜರಿ ತಗೊಂಡ್ಯಾ?"

ಮೂರನೇ ಸಲಕ್ಕೆ ವಿಯೊಲೆಟಾ ಎದ್ದು ಬಂದು ಕಿಟಕಿ ಮುಚ್ಚಿ ಚಿಲಕ ಹಾಕಿದಳು.

ಚಿಕ್ಕಮ್ಮ ಗಾಜನ್ನೇ ನೋಡುತ್ತ ಕೂತಳು. ಆಮೇಲೆ ನನ್ನ ಕಡೆ ತಿರುಗಿ, "ನಡಿ, ಕರುಗಳಿಗಿನ್ನು ಭಯ ಇಲ್ಲ" ಎಂದಳು.