ಚರ್ಚಿನ ಮಾಳಿಗೆಗೆ ಹಾಕಿದ ಎರೆಮಣ್ಣು

ಯಲಬುರ್ಗಾ ಕಡೆಯ ನಮ್ಮೂರಿನ ಮೆಥೋಡಿಸ್ಟ್ ಚರ್ಚು ಮಳೆಗೆ ಬಿತ್ತು ಎಂದು ಜನ ಹೇಳುತ್ತಾರೆ. ಬಿದ್ದದ್ದು ನನ್ನಿಂದ. ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ಆ ಚರ್ಚಿನ ಪಡಸಾಲೆಯಲ್ಲೇ. ಬಂದಷ್ಟು ಬರೆಯುತ್ತೇನೆ.

ನಿಜಾಮರ ಕಾಲದಲ್ಲಿ ಒಬ್ಬ ಬಿಳಿ ಪಾದ್ರಿ ಅದನ್ನು ಕಟ್ಟಿಸಿದ್ದ. ಗೋಡೆ ಕಲ್ಲಿನವು, ಮೇಲೆ ಮಾತ್ರ ಊರಿನ ಮನೆಗಳಂತೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಪಾದ್ರಿ ಹೋದ ಮೇಲೆ ಶಾಲೆ ಮುಚ್ಚಿತು. ಎಪ್ಪತ್ತರ ದಶಕದಲ್ಲಿ ನಮ್ಮ ಜನ ಭತ್ತದ ಕೂಲಿಗೆಂದು ಗಂಗಾವತಿ ಕಡೆ ಒಂದೊಂದೇ ಮನೆ ಎದ್ದು ಹೋದರು. ಕೊಪ್ಪಳದಿಂದ ಪಾಸ್ಟರು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ದಿನ ಚರ್ಚು ನೋಡಿಕೊಂಡವಳು ನನ್ನ ತಂಗಿ. ಅವಳನ್ನು ಗಂಡ ಬಿಟ್ಟಿದ್ದ. ಕಸ ಹೊಡೆದು, ಗಂಟೆ ಬಾರಿಸಿ, ಅಲ್ಲೇ ಪಕ್ಕದ ಕೋಣೆಯಲ್ಲಿ ಇರುತ್ತಿದ್ದಳು. ಅವಳಿಗೆ ಬೇರೆ ಸೂರು ಇರಲಿಲ್ಲ.

ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಬೇಕು. ಅದು ನೀರು ಒಳಗೆ ಬಿಡುವುದಿಲ್ಲ. ಮೊದಲು ಚರ್ಚಿನ ಸಭೆಯವರೆಲ್ಲ ಬುಟ್ಟಿ ಹೊರುತ್ತಿದ್ದರು. ಆಮೇಲೆ ಆ ಕೆಲಸ ಗೋಡೆ ಕಟ್ಟುವ ಗೌಂಡಿಯಾದ ನನ್ನೊಬ್ಬನ ಮೇಲೆ ಬಿತ್ತು. ಸವಳು ಸಿಗುವುದು ಹಳ್ಳದಾಚೆ, ಒಂದು ಹರದಾರಿ ದೂರ. ಚರ್ಚು ಬಿದ್ದ ವರ್ಷ ಬೇಸತ್ತು, ಚರ್ಚಿನ ಹಿಂದಿನ ಹೊಲದ ಕಪ್ಪು ಎರೆಮಣ್ಣನ್ನೇ ತುಂಬಿ ಹಾಕಿದೆ. ಕಾಣದಿರಲೆಂದು ಮೇಲೆ ತೆಳ್ಳಗೆ ಸವಳು ಉದುರಿಸಿದೆ. ಎರೆ ಒಣಗಿದರೆ ಬಿರಿಯುತ್ತದೆ, ನೆನೆದರೆ ಭಾರ. ಗೊತ್ತಿದ್ದೇ ಮಾಡಿದೆ.

ಎರಡು ದಿನ ಹಿಡಿದ ಮಳೆಗೆ ನಡುವಿನ ತೊಲೆ ಮುರಿದು ಮಾಳಿಗೆ ಕುಸಿಯಿತು. ಒಳಗೆ ಯಾರೂ ಇರಲಿಲ್ಲ. ಸಭೆಯ ಹಿರಿಯರು ಸೇರಿ ತಂಗಿಯನ್ನು ಕರೆಸಿದರು.

“ಮಾಳಿಗಿ ನೀರು ಹೋಗೋ ದೋಣಿ ಬಳದಿದ್ದೇನಬೇ?” ಎಂದರು ಒಬ್ಬರು.

“ಶನಿವಾರನ ಬಳದೀನ್ರಿ.”

“ಬಳದಿದ್ರ ನೀರ್ಯಾಕ ನಿಲ್ಲತಿತ್ತು? ಪುಗಸಟ್ಟೆ ಮನಿ ಸಿಕ್ರ ಮೈ ಬಗ್ಗಂಗಿಲ್ಲ ಬಿಡು.”

ನಾಲ್ಕು ಜನ ನಕ್ಕರು. ಅವಳು ನನ್ನತ್ತ ತಿರುಗಿದಳು. “ಅಣ್ಣಾ, ನೀನರ ಹೇಳು. ನೀ ನೋಡೀಯಲ್ಲ.”

ನೋಡಿದ್ದೆ. ಮೊಣಕಾಲೂರಿ ಕೈಯಿಂದಲೇ ದೋಣಿಯ ಕಸ ಬಳಿದು ತೆಗೆಯುತ್ತಿದ್ದಳು.

“ನಾ ಏನ್ ನೋಡೀನಿ? ಮಣ್ಣು ಹಾಕಿ ಇಳದ್ನಿ,” ಎಂದೆ.

ಅಂದೇ ಅವಳಿಂದ ಬೀಗದ ಕೈ ಕಸಿದರು. ಒಂದು ಗಂಟು ಕಟ್ಟಿಕೊಂಡು ಅವಳೂ ಗಂಗಾವತಿ ಬಸ್ಸು ಹತ್ತಿದಳು. ಚರ್ಚನ್ನು ಮತ್ತೆ ಯಾರೂ ಕಟ್ಟಲಿಲ್ಲ. ತೊಲೆ ಒಲೆಗೆ ಹೋದವು, ಕಲ್ಲು ಊರವರ ಹಿತ್ತಿಲಿಗೆ. ನಾನೂ ಒಂದು ಬಂಡಿ ಕಲ್ಲು ಒಯ್ದೆ.

ಮೂರು ವರ್ಷ ಬಿಟ್ಟು ಅವಳ ಗುಡಿಸಲಿಗೆ ಹೋಗಿ ಎಲ್ಲ ಹೇಳಿದೆ. ಅವಳು ಅಕ್ಕಿ ಕೇರುವುದನ್ನು ನಿಲ್ಲಿಸಲಿಲ್ಲ.

“ದೋಣಿ ಬಳದಿದ್ದು ನನಗ ಗೊತ್ತಿತ್ತು. ನನಗ್ಯಾಕ ಹೇಳ್ತಿ? ಅವತ್ತ ಕೇಳಿದವರಿಗೆ ಹೇಳು.”

“ಅವರು ಊರಾಗ ಯಾರೂ ಇಲ್ಲ ಈಗ.”

“ಹಂಗಾದ್ರ ಉಂಡು ಹೋಗು.”

ಉಂಡೆ. ಅವತ್ತು ಅವಳನ್ನು ಹಂಗಿಸಿದ್ದ ಆ ಒಬ್ಬ ಹಿರಿಯರು ಆಗ ಮಗಳ ಮನೆಯಲ್ಲಿ, ಹಿಟ್ನಾಳದಲ್ಲಿದ್ದರು. ಅದು ನನಗೆ ಗೊತ್ತಿತ್ತು. ಊರಿಗೆ ಮರಳುವ ಬಸ್ಸು ಅಲ್ಲಿ ನಿಂತಿತು. ನಾನು ಇಳಿಯಲಿಲ್ಲ.