ವಿಮೆಯ ಡಬ್ಬಿಯ ಜೊತೆ ಅತ್ತಿಬೆಲೆಗೆ

ನನಗಾಗ ಅರವತ್ತೆಂಟು. ಇದು ನಡೆದು ಏಳು ವರ್ಷವಾಯಿತು. ಅತ್ತಿಬೆಲೆಯಲ್ಲಿ ಅಕ್ಕ ತೀರಿಕೊಂಡಳೆಂದು ಮಧ್ಯಾಹ್ನ ಫೋನ್ ಬಂತು. ತವರಿನ ಸೀರೆ ಹೊದಿಸದೆ ನಮ್ಮಲ್ಲಿ ಹೆಣ ಎತ್ತುವುದಿಲ್ಲ. "ಚಿಕ್ಕವ್ವ, ಒತ್ತು ಮುಳುಗೋದ್ರೊಳ್ಗೆ ಬಂದ್ಬಿಡು" ಎಂದ ಅಕ್ಕನ ಮಗ.

ನಮ್ಮೂರು ಮಾಕಳಿಯಲ್ಲೇ ಹೊಸ ಸೀರೆ ಕೊಂಡೆ. ಅಣ್ಣನ ಮಗ ಮುನಿರಾಜು ಪೀಣ್ಯದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟ್ ಮುಗಿಸಿ ಕಾರು ತಂದ. ಹೊರಟಾಗ ಮೂರು ಗಂಟೆ ದಾಟಿತ್ತು. ಐವತ್ತು ಕಿಲೋಮೀಟರಿಗೂ ಮೇಲಿನ ದಾರಿ.

ಸ್ಟೇರಿಂಗ್ ಕೆಳಗೆ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದು ಸಿಕ್ಕಿಸಿತ್ತು. ವಿಮೆಯವರು ಕೊಟ್ಟದ್ದು. ಹೇಗೆ ಓಡಿಸುತ್ತಾನೆಂದು ನೋಡಿ ಅಂಕ ಕೊಡುತ್ತದೆ, ಅಂಕ ಚೆನ್ನಾಗಿದ್ದರೆ ಮುಂದಿನ ವರ್ಷ ವಿಮೆ ಕಡಿಮೆ ಎಂದ. ಎರಡನೇ ಶಿಫ್ಟ್ ಮುಗಿಸಿ ರಾತ್ರಿ ಮನೆಗೆ ಬಂದರೂ ಅಂಕ ಕಳೆಯುತ್ತಿತ್ತಂತೆ. ರಾತ್ರಿ ಓಡಿಸುವುದೇ ತಪ್ಪಂತೆ.

ಊರು ದಾಟುವ ಮೊದಲೇ ಕರುವೊಂದು ಅಡ್ಡ ಬಂತು. ಬ್ರೇಕ್ ತುಳಿದ. ಡಬ್ಬಿ ಕುಂಯ್ ಎಂದಿತು.

"ಥೂ, ಅಂಕ ಓಯ್ತು."

"ಕರು ಉಳೀತಲ್ಲೋ."

"ಅದ್ಕೆ ಕರು ಕಾಣಲ್ಲ ಅತ್ತೆ. ನಾನ್ ಗಕ್ಕನೆ ನಿಲ್ಸಿದ್ದು ಅಷ್ಟೇ ಕಾಣ್ತದೆ."

ಟೋಲ್ ರಸ್ತೆಯಲ್ಲಿ ಲಾರಿಗಳೂ ನಮ್ಮನ್ನು ಹಿಂದೆ ಹಾಕಿದವು. ಬಿಸಿಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಳುತ್ತಿತ್ತು. ಹೆಣ ಎತ್ತುವ ತನಕ ತಿನ್ನುವಂತಿಲ್ಲ, ನೀರು ಕುಡಿದೆ. ಎಲೆಕ್ಟ್ರಾನಿಕ್ ಸಿಟಿ ಹತ್ತಿರ ಇಳಿದರೆ ಹೊಸೂರು ರಸ್ತೆ ತುಂಬಾ ವಾಹನ. ಹೊತ್ತು ಇಳಿಯುತ್ತಿತ್ತು.

ಚಂದಾಪುರದಲ್ಲಿ ಗಾರ್ಮೆಂಟ್ಸ್ ಬಸ್ಸು ಹೆಂಗಸರನ್ನು ಇಳಿಸುತ್ತಿತ್ತು. ಒಬ್ಬಳು ರಸ್ತೆಗೆ ಕಾಲಿಟ್ಟಳು. ಇವನು ಬ್ರೇಕ್ ತುಳಿಯಲಿಲ್ಲ, ಮೆಲ್ಲಗೆ ಪಕ್ಕಕ್ಕೆ ಎಳೆದ. ಕಾರಿನ ಕನ್ನಡಿ ಅವಳ ಊಟದ ಚೀಲಕ್ಕೆ ಬಡಿದು ಡಬರಿ ರಸ್ತೆಯಲ್ಲಿ ಉರುಳಿತು. ಆಮೇಲೆ ನಿಲ್ಲಿಸಿದ.

"ಕಣ್ಣೇನ್ ಮನೇಲಿಟ್ ಬಂದಿದ್ದೀಯೇನೋ? ಕಾರಲ್ಲಿ ಬ್ರೇಕಿಲ್ವಾ?" ಎಂದು ಕೂಗಿದಳು. ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೇ ಇಳಿದು ಡಬರಿ ಎತ್ತಿಕೊಟ್ಟೆ. ಮೈಗೆ ಏನೂ ಆಗಿರಲಿಲ್ಲ.

ಒಳಗೆ ಕೂತು ಕೇಳಿದೆ, "ಡಬ್ಬಿ ಏನಂತೋ?"

ಅಂಕ ಫೋನಿಗೆ ಬರುತ್ತಿತ್ತು, ತೆಗೆದು ನೋಡಿದ. "ಏನೂ ಅಂದಿಲ್ಲ ಅತ್ತೆ. ಒಂದಂಕಾನೂ ಓಗಿಲ್ಲ."

"ಕಿತ್ತು ಬಿಸಾಕು."

"ಕಿತ್ರೆ ವಿಮೆಯೋರ್ಗೆ ಗೊತ್ತಾಗ್ತದೆ."

"ಅಂಗಾದ್ರೆ ಕುಂಯ್ ಅನ್ಲಿ, ಬಿಡು. ಒಂದ್ ಎಣಕ್ಕೆ ಸೀರೆ ತಂದಿದ್ದೀನಿ. ಇನ್ನೊಂದಕ್ಕೆ ತಂದಿಲ್ಲ ಕಣೋ."

ಅಲ್ಲಿಂದ ಮುಂದೆ ನಿಲ್ಲಿಸಬೇಕಾದ ಕಡೆ ನಿಲ್ಲಿಸಿದ, ಜಾಗ ಸಿಕ್ಕ ಕಡೆ ನುಗ್ಗಿಸಿದ. ಡಬ್ಬಿ ದಾರಿಯುದ್ದಕ್ಕೂ ಕುಂಯ್ಗುಟ್ಟಿತು.

ಅತ್ತಿಬೆಲೆ ಮುಟ್ಟಿದಾಗ ಬಿಸಿಲು ತೆಂಗಿನ ತುದಿಯಲ್ಲಿತ್ತು. ಚಟ್ಟ ಕಟ್ಟಿ ಕಾಯುತ್ತಿದ್ದರು. ಸೀರೆ ಬಿಚ್ಚಿ ಅಕ್ಕನಿಗೆ ಹೊದಿಸಿದೆ. ಎತ್ತಿದರು.

ಮಾರನೆಯ ಬೆಳಿಗ್ಗೆ ಮುನಿರಾಜು ಕೀಲಿ ಹಿಡಿದು ಬಂದ. "ನಿನ್ ಡಬ್ಬಿ ಜೊತೆ ನಾನ್ ಬರಲ್ಲ ಕಣೋ" ಎಂದೆ. ಹಾಲುತುಪ್ಪದ ಕಾರ್ಯಕ್ಕೆ ಮತ್ತೆ ಬರುತ್ತೇನೆಂದು ಅಕ್ಕನ ಮಗನಿಗೆ ಹೇಳಿ, ಮೆಜೆಸ್ಟಿಕ್ ಬಸ್ಸು ಹತ್ತಿ ಡ್ರೈವರ್ ಹಿಂದೆಯೇ ಕೂತೆ. ಚಂದಾಪುರದಲ್ಲಿ ನಾಯಿಯೊಂದು ಅಡ್ಡ ಓಡಿತು. ಗಕ್ಕನೆ ಬ್ರೇಕ್ ಹಾಕಿದ. ನನ್ನ ಹಣೆ ಮುಂದಿನ ಕಂಬಿಗೆ ಬಡಿಯಿತು. ಬಸ್ಸಿನವರೆಲ್ಲ ಡ್ರೈವರನ್ನು ಬೈದರು. ನಾನು ಹಣೆ ಉಜ್ಜಿಕೊಳ್ಳುತ್ತಾ ನಾಯಿ ಆಚೆ ದಾಟಿತೇ ಎಂದು ನೋಡಿದೆ.