ಸಾವುಕಾರರ ಏರ್‌ಗನ್ ನಳಿಗೆ

ಇವತ್ತು ಬೆಳಿಗ್ಗೆ ಹೆಂಡತಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಂಗಿ ತೊಟ್ಟು ಹೊರಟೆ. ಎಲ್ಲಿಗೆ ಅಂದಳು. ಮಸ್ಕಿಗೆ ಅಂದೆ. ಮಸ್ಕಿಯಲ್ಲಿ ನಮ್ಮವರು ಯಾರೂ ಇಲ್ಲ, ಅವಳು ಹುಬ್ಬೇರಿಸಿದ್ದು ಸಹಜ. ಬಸ್ಸು ಬರುವವರೆಗೆ ನಿಮಗಾದರೂ ಹೇಳಿಬಿಡುತ್ತೇನೆ.

ಹದಿನೈದು ವರ್ಷದ ಹಿಂದೆ ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ನಾನು ಗುಮಾಸ್ತ. ಗುಮಾಸ್ತ ಅಂದರೆ ಬರೆಯುವವನು ಎಂದು ನೀವು ತಿಳಿದಿದ್ದರೆ ಅದು ಅರ್ಧ ಸತ್ಯ. ಉಳಿದರ್ಧ, ಸಾವುಕಾರರು ಏನಂದರೂ ‘ಹೌದ್ರಿ’ ಅನ್ನುವುದು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಕಾಲುವೆ ಸೀಮೆಯಲ್ಲಿ ಇರಲಿಲ್ಲ.

ಒಂದು ದಿನ ಸಾವುಕಾರರು ಹೊಸ ಏರ್‌ಗನ್ ತಂದರು. ಹಕ್ಕಿ ಹೊಡೆಯಲಿಕ್ಕೆ ಅಲ್ಲ, ಶಿವ ಶಿವಾ! ಕೊರಳಲ್ಲಿ ಲಿಂಗ ಕಟ್ಟಿದವರು, ಇರುವೆ ಕಂಡರೂ ದಾಟಿ ನಡೆಯುವವರು. ಹಮಾಲರನ್ನು ಮಾತ್ರ ತುಳಿದು ನಡೆಯುತ್ತಿದ್ದರು. ಬೇವಿನ ಗಿಡಕ್ಕೆ ಡಬ್ಬಿಯ ಮುಚ್ಚಳ ಕಟ್ಟಿ, ಸಂಜೆ ವ್ಯಾಪಾರಸ್ಥರ ಮುಂದೆ ಅದಕ್ಕೆ ಗುರಿ ಇಡುವುದು ಅವರ ಆಸೆ.

ಹೊಸ ನಳಿಗೆಯನ್ನು ಪಳಗಿಸುವುದು ಹೇಗೆಂದು ತಿಳಿದು ಬರಲು ನನ್ನನ್ನು ಲಿಂಗಸುಗೂರಿಗೆ ಕಳಿಸಿದರು. ಅಲ್ಲಿ ಸ್ಟೋವ್‌ನಿಂದ ಬಂದೂಕಿನವರೆಗೆ ಎಲ್ಲ ರಿಪೇರಿ ಮಾಡುವ ಮಸ್ತಾನ್ ಚಾಚಾ ಇದ್ದ. ದಾರಕ್ಕೆ ಬಟ್ಟೆಯ ತುಂಡು ಕಟ್ಟಿ, ನಳಿಗೆಯ ಹಿಂದಿನಿಂದ ಮುಂದಕ್ಕೆ ಎಳೆದು ತೋರಿಸಿದ. ಕಾರ್ಖಾನೆಯ ಜಿಡ್ಡೆಲ್ಲ ಹತ್ತಿಕೊಂಡು ಮೊದಲ ತುಂಡು ಕಾಡಿಗೆ ಕಪ್ಪಾಗಿ ಬಂತು, ಹತ್ತನೆಯದು ಬಿಳಿ.

“ಇಷ್ಟ ಸಾಕ್ರಿ. ಇನ್ನ ಒರಸಬ್ಯಾಡ್ರಿ. ಎರಡು ಡಬ್ಬಿ ಗುಂಡು ಹಾರಸ್ರಿ, ಸೀಸ ಒಳಗ ಕುಂತು ನಳಗಿ ತಾನ ಹದಕ್ಕ ಬರ್ತೈತಿ,” ಅಂದ.

ನಾನು ಹೌದ್ರಿ ಅಂದೆ. ಆದರೆ ಸಾವುಕಾರರ ಮೊದಲ ಗುಂಡು ಕಾಂಪೌಂಡ್ ದಾಟಿ ಹೋಯಿತು. ನಳಿಗೆ ಹೊಲಸಾಗಿದೆ, ಒರೆಸು ಅಂದರು. ಅದಕ್ಕೂ ಹೌದ್ರಿ. ಅಲ್ಲಿಂದ ಅದೇ ನಿತ್ಯಕರ್ಮವಾಯಿತು. ಅವರು ಗುರಿ ತಪ್ಪುವುದು, ನಾನು ಮಷಿನ್ ಎಣ್ಣೆ ಹಚ್ಚಿ ಒರೆಸುವುದು. ಸಂಜೆ ನಳಿಗೆಯೊಳಗೆ ಕೂತ ಚೂರುಪಾರು ಸೀಸವನ್ನು ಬೆಳಿಗ್ಗೆ ನಾನು ಎಳೆದು ಹಾಕುತ್ತಿದ್ದೆ. ಆಯುಧಪೂಜೆಗೆ ಐನೋರು ಬಂದು ನಳಿಗೆಗೆ ವಿಭೂತಿ ಬಳಿದು, ಬಾಯಿಗೆ ದಾಸವಾಳ ತುರುಕಿ ಹೋದರು. ಮರುದಿನ ಅರ್ಧ ತಾಸು ನಾನು ಬಂದೂಕಿನಿಂದ ಹೂವಿನ ಎಸಳು ತೆಗೆದೆ. ಚಾಚಾನ ಮಾತು ಹೇಳಿದ್ದರೆ ತಪ್ಪು ನಳಿಗೆಯದಲ್ಲ ಎಂದಂತಾಗುತ್ತಿತ್ತು. ಹೇಳಲಿಲ್ಲ.

ಬಳಗಾನೂರಿನ ಬಸಣ್ಣ ಗಿರಣಿಯ ವಾಚ್‌ಮನ್. ಗನ್ನನ್ನು ಆಫೀಸಿನ ಕಪಾಟಿನಿಂದ ಬೇವಿನ ಗಿಡದವರೆಗೆ ತರುವುದು, ಮತ್ತೆ ಒಯ್ದು ಇಡುವುದು ಅವನ ಪಾಲಿನ ಕೆಲಸ. ಎರಡೂ ಕೈಯಲ್ಲಿ, ಹಸುಗೂಸು ಎತ್ತಿಕೊಂಡಂತೆ ತರುತ್ತಿದ್ದ.

ಒಂದು ಸಂಜೆ ಸಾವುಕಾರರ ಹೊಸ ಬೀಗರು ಬಂದರು. ಆರು ಗುಂಡು ಹಾರಿದವು, ಮುಚ್ಚಳ ಒಮ್ಮೆಯೂ ಠಣ್ ಅನ್ನಲಿಲ್ಲ. ಬೀಗರಲ್ಲೊಬ್ಬರು ಕಿಸಕ್ಕನೆ ನಕ್ಕರು. ಕುಣಿಯಲಾರದವಳಿಗೆ ಅಂಗಳ ಡೊಂಕು ಅಂತಾರಲ್ಲ, ನಮ್ಮ ಸಾವುಕಾರರಿಗೆ ನಳಿಗೆ ಡೊಂಕಾಯಿತು. ಬಸಣ್ಣ ಎಲ್ಲೋ ಕೆಡವಿದ್ದಾನೆ ಅಂದರು. ಅವನು ಇಲ್ಲವೆಂದು ಆಣೆ ಮಾಡಿ, ಗುಮಾಸ್ತರನ್ನೇ ಕೇಳಿ ಅಂದ. ಸಾವುಕಾರರು ಗನ್ ನನ್ನ ಕೈಗೆ ಕೊಟ್ಟರು.

ಗುಂಡು ತುಂಬುವಾಗ ಮಾಡುವಂತೆ ನಳಿಗೆ ಮಡಚಿ, ಅದರ ತೂತಿಗೆ ಕಣ್ಣಿಟ್ಟೆ. ಬೆಳಕು ದುಂಡಗೆ, ನೆಟ್ಟಗೆ ಕಂಡಿತು. ಸಾವುಕಾರರ ಮುಖ ನೋಡಿದೆ.

“ಸ್ವಲ್ಪ ಡೊಂಕು ಇದ್ದಂಗ ಐತ್ರಿ,” ಅಂದೆ.

ನಾಳೆಯಿಂದ ಬರಬೇಡ ಎಂದು ಬಸಣ್ಣನಿಗೆ ಅಲ್ಲೇ ಹೇಳಿದರು. ಇಲ್ಲದ ಡೊಂಕನ್ನು ತಿದ್ದಿಸಲು ನಾನು ಮತ್ತೆ ಲಿಂಗಸುಗೂರಿಗೆ ಹೋದೆ. ಚಾಚಾ ಮೊದಲು ಒಂದಿಷ್ಟು ಗುಂಡು ಸುಮ್ಮನೆ ಹಾರಿಸಿ, ಆಮೇಲೆ ಐದನ್ನು ಹಲಗೆಗೆ ಹೊಡೆದ. ಐದೂ ಒಂದು ರೂಪಾಯಿ ನಾಣ್ಯದಗಲದಲ್ಲಿ ಕೂತವು. ಅವನು ಗನ್ನನ್ನು ಹಾಗೇ ನನ್ನ ಕೈಗೆ ವಾಪಸು ಕೊಟ್ಟ. ನಾನು ವಾಪಸು ಬಂದು ‘ನೆಟ್ಟಗಾತ್ರಿ’ ಅಂದೆ. ನಾಚಿಕೆಯೂ ಆಗಲಿಲ್ಲ ನೋಡಿ ನನಗೆ.

ಹೋದ ತಿಂಗಳು ಮಸ್ಕಿಯಲ್ಲಿ ಬಸ್ಸು ಬದಲಿಸುವಾಗ ಬಸಣ್ಣ ಸಿಕ್ಕ. ನಿಲ್ದಾಣದ ಪಕ್ಕ ಚಹಾದಂಗಡಿ ಇಟ್ಟಿದ್ದಾನೆ. ಹೆಗಲ ಟವೆಲ್ಲಿನಿಂದ ಬೆಂಚು ಒರೆಸಿ ಕೂರಿಸಿದ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಆದರೂ ಚಹಾ ತುಳುಕಿತು.

“ಆ ನಳಗಿ ರಿಪೇರಿ ಆತೇನ್ರಿ ಗುಮಾಸ್ತರ? ನನಗ ಗೊತ್ತಿಲ್ದಂಗ ಎಲ್ಲೋ ಬಡದಿರಬೇಕ್ರಿ. ನೀವು ಕಣ್ಣಿಟ್ಟು ನೋಡಿ ಹೇಳೀರಿ, ಸುಳ್ಳಿರತೈತೇನು?”

ಆತು ಬಸಣ್ಣ, ಅಂದೆ. ಚಹಾ ಕುಡಿದು ಬಸ್ಸು ಹತ್ತಿದೆ. ಆಮೇಲೆ ಒಂದು ದಿನವೂ ಸರಿಯಾಗಿ ನಿದ್ದೆ ಹತ್ತಿಲ್ಲ. ಅಗೋ, ಬಸ್ಸು ಬಂತು.

ಉಳಿದದ್ದನ್ನು ವಾಪಸು ಬಂದು ಬರೆಯುತ್ತಿದ್ದೇನೆ. ನನ್ನನ್ನು ಕಂಡು ಬಸಣ್ಣ ಬೆಂಚು ಒರೆಸಲು ಟವೆಲ್ ತೆಗೆದ. ನಿಂತಲ್ಲೇ ಹೇಳಿದೆ: ನಳಿಗೆ ಡೊಂಕಿರಲಿಲ್ಲ, ಅದು ನನಗೆ ಅವತ್ತೇ ಗೊತ್ತಿತ್ತು.

ಟವೆಲ್ ಮತ್ತೆ ಹೆಗಲಿಗೆ ಹೋಯಿತು. ಹಾಲು ಉಕ್ಕಲಿಕ್ಕೆ ಬಂತು, ಅವನು ಉರಿ ಸಣ್ಣ ಮಾಡಿದ. ಪಾತ್ರೆಯತ್ತಲೇ ನೋಡುತ್ತ ಹೇಳಿದ: “ಹದಿನೈದು ವರ್ಷ ಆತ್ರಿ, ಮಂದಿ ಸಾಮಾನು ಹಿಡದ್ರ ನನ್ನ ಕೈ ನಡಗತಾವ. ಕೈಯಾಗ ಏನೋ ಖೋಡಿ ಐತಿ ಅಂದ್ಕೊಂಡಿದ್ದೆ.”

ಆಮೇಲೆ ಚಹಾ ಸೋಸಿ ಲೋಟ ಚಾಚಿದ, ಒಂದೇ ಕೈಯಲ್ಲಿ. ಒಂದು ಹನಿಯೂ ಚೆಲ್ಲಲಿಲ್ಲ. ಕೂಡ್ರಿ ಅನ್ನಲಿಲ್ಲ. ಬೆಂಚಿನ ಮೇಲೆ ಧೂಳಿತ್ತು, ನನ್ನ ಕರ್ಚೀಫು ತೆಗೆದು ನಾನೇ ಒರೆಸಿಕೊಂಡು ಕುಳಿತೆ. ಒರೆಸುವುದು ನನಗೆ ರೂಢಿಯಿದೆಯಲ್ಲ.